ನಾನು ನುಂಗಿದ ಐದನೆಯ ಪೆಟ್ಟು

ಮಳೆಯ ದಿನ ರೆಡ್ ಆಕ್ಸೈಡ್ ನೆಲವನ್ನು ಫಿನಾಯಿಲ್ ನೀರಿನಲ್ಲಿ ಒರೆಸಿದಾಗ ಬರುವ ವಾಸನೆಯೇ ಬೇರೆ. ಬಿಸಿಲಿದ್ದರೆ ಬೇಗ ಆರಿಹೋಗುತ್ತದೆ. ಮಳೆಯಲ್ಲಿ ಹೋಗುವುದಿಲ್ಲ, ನೆಲದ ಮೇಲೆಯೇ ಕೂತಿರುತ್ತದೆ.

ಹೋದ ಆಷಾಢದಲ್ಲಿ ಗುಬ್ಬಿಯಿಂದ ಕುಣಿಗಲ್ ಕಡೆಯ ಕೊತ್ತಗೆರೆಗೆ, ಮಗಳ ಮನೆಗೆ ಹೊರಟಿದ್ದೆ. ತುಮಕೂರಿನಲ್ಲಿ ಬಸ್ಸು ಬದಲಾಯಿಸುವ ಹೊತ್ತಿಗೆ ಜೋರು ಮಳೆ ಹಿಡಿಯಿತು. ಓಡಿ ಒಂದು ಹಳೆಯ ಛತ್ರದ ಮೆಟ್ಟಿಲ ಕೆಳಗೆ ನಿಂತೆ. ಮೇಲಿನ ಹಾಲ್‌ನಲ್ಲಿ ಯಾರೋ ನೆಲ ಒರೆಸುತ್ತಿದ್ದರು. ಆ ವಾಸನೆ ಮೆಟ್ಟಿಲಿಳಿದು ನನ್ನ ಹತ್ತಿರ ಬಂತು. ನಿಂತಿದ್ದು ಎಲ್ಲಿ ಎಂದು ಆಗ ಗೊತ್ತಾಯಿತು. ಹನ್ನೊಂದು ವರ್ಷ ನಾನು ಆ ರಸ್ತೆಗೆ ಕಾಲಿಟ್ಟಿರಲಿಲ್ಲ. ಬೇಕೆಂದೇ ಸುತ್ತಿಕೊಂಡು ಹೋಗುತ್ತಿದ್ದೆ.

ಮೇಲೆ ಹತ್ತಿದೆ. ಒರೆಸುತ್ತಿದ್ದ ಹೆಂಗಸು ತಲೆ ಎತ್ತಿ, "ಯಾರ್ ಬೇಕು ತಾತ? ಆಷಾಢ, ಮದ್ವೆ ಯಾವ್ದೂ ಇಲ್ಲ," ಎಂದಳು.

"ಯಾರೂ ಬೇಡ ತಾಯಿ. ಮಳೆ ನಿಂತ್ಮೇಲೆ ಹೋಗ್ತೀನಿ."

"ನಿಂತ್ಕಳಿ. ಒರೆಸಿದ್ ನೆಲ ತುಳೀಬ್ಯಾಡಿ ಮತ್ತೆ."

ತುಳಿಯಲಿಲ್ಲ. ಬಾಗಿಲಲ್ಲಿ ನಿಂತು ಎದುರಿನ ಗೋಡೆ ನೋಡಿದೆ. ಬಣ್ಣ ಬದಲಾಗಿತ್ತು, ಗೋಡೆ ಅದೇ. ಆ ಗೋಡೆಯ ಮುಂದೆ ಕೂತು ನಾನು ಮಾಡಿದ ಒಂದು ಕೆಲಸವನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಬೇಕಾದವಳಿಗೆ ಹೇಳಿದ್ದಾಗಿದೆ. ಆದರೂ ಮನಸ್ಸು ಹಗುರಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅದು ತೊಂಬತ್ತೆಂಟರ ಮಳೆಗಾಲ. ಆಗ ನಾವು ಕ್ಯಾತ್ಸಂದ್ರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಾನು ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ನೋಡಿಕೊಳ್ಳುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಹುಟ್ಟಿದ್ದು ಗುಬ್ಬಿಯಲ್ಲಿ, ಅಪ್ಪ ನಾಟಕಗಳಿಗೆ ಡೋಲಕ್ ಬಾರಿಸುತ್ತಿದ್ದರು, ಆ ಕೈ ನನಗೂ ಬಂದಿತ್ತು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು ಸವಿತಾ, ಹತ್ತೊಂಬತ್ತು ವರ್ಷ, ಬಿ.ಎ. ಓದುತ್ತಿದ್ದಳು.

ಆ ಎರಡು ವರ್ಷ ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲ. "ಊಟ ಆಯ್ತಾ?" "ಹೂಂ." "ಗ್ಯಾಸ್ ಮುಗೀತು." "ನಾಳೆ ತರ್ತೀನಿ." ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಅವಳು ಪುಸ್ತಕಗಳನ್ನು ಎದೆಗೆ ಅವುಚಿಕೊಂಡು, ಬೆನ್ನು ಬಗ್ಗಿಸಿ, ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದಳು. ಅವರಮ್ಮ ಇದ್ದಾಗ ಹಾಗೆ ನಡೆಯುತ್ತಿರಲಿಲ್ಲ.

ಅಂಥ ಹುಡುಗಿ ಜೂನ್‌ನಲ್ಲಿ ಒಂದು ದಿನ, "ಅಪ್ಪ, ಛತ್ರದ ಮೇಲೆ ಮಾಡರ್ನ್ ಡ್ಯಾನ್ಸ್ ಕ್ಲಾಸ್ ಶುರು ಮಾಡವ್ರೆ. ಸೇರ್ಕೊಳ್ಲಾ?" ಎಂದಳು. ಅವಳಾಗಿ ಏನಾದರೂ ಕೇಳಿದಳಲ್ಲ ಎಂದು ಹೂಂ ಅಂದೆ.

ಹೇಳಿಕೊಡುತ್ತಿದ್ದವರು ಶಾಲಿನಿ ಮೇಡಂ. ಗಂಡ ಎಂಜಿನಿಯರ್, ವರ್ಗವಾಗಿ ತುಮಕೂರಿಗೆ ಬಂದಿದ್ದರು. ಮೇಡಂ ಬೆಂಗಳೂರಿನಲ್ಲಿ ಹತ್ತು ವರ್ಷ ಈ ನೃತ್ಯ ಕಲಿತವರು. ವಾರಕ್ಕೆ ಮೂರು ದಿನ, ಸಂಜೆ ನಾಲ್ಕೂವರೆಗೆ ಕ್ಲಾಸು. ಸಿನಿಮಾ ಹಾಡಿಗೆ ಕುಣಿಸುತ್ತಾರೆಂದು ಇಪ್ಪತ್ತು ಹುಡುಗಿಯರು ಬಂದಿದ್ದರಂತೆ. ಮೇಡಂ ಎಲ್ಲರನ್ನೂ ನೆಲದ ಮೇಲೆ ಅಂಗಾತ ಮಲಗಿಸಿ ಅರ್ಧ ಗಂಟೆ ಉಸಿರಾಡಿಸಿದರು. ಸವಿತಾಳ ಗೆಳತಿ ನಾಗವೇಣಿ ಬಾಯಿ ಬಡುಕಿ. ಮಲಗಿದಲ್ಲಿಂದಲೇ, "ಮಿಸ್, ಮಲಗೋದನ್ನ ನಾನು ಮನೇಲೇ ಚೆನ್ನಾಗಿ ಮಾಡ್ತೀನಿ. ನಮ್ಮಮ್ಮನ್ನ ಬೇಕಾದ್ರೆ ಕೇಳಿ," ಎಂದಳಂತೆ.

"ಮನೇಲಿ ಮಲಗ್ತೀಯ. ಇಲ್ಲಿ ನಿನ್ನ ಭಾರಾನ ನೆಲಕ್ಕೆ ಕೊಡ್ತೀಯ. ಎರಡೂ ಒಂದಲ್ಲ," ಎಂದರಂತೆ ಮೇಡಂ.

ತಿಂಗಳು ಮುಗಿಯುವಷ್ಟರಲ್ಲಿ ಆರು ಹುಡುಗಿಯರು ಉಳಿದರು.

ಮೊದಲನೆಯ ಶಿಫ್ಟ್ ಮುಗಿಸಿ ನಾನು ಮೊಪೆಡ್‌ನಲ್ಲಿ ಬಂದು ಮೆಟ್ಟಿಲ ಮೇಲೆ ಕಾಯುತ್ತಿದ್ದೆ. ಒಂದು ಸಂಜೆ ಕರೆಂಟು ಹೋಗಿ ಟೇಪ್‌ರೆಕಾರ್ಡರ್ ನಿಂತಿತು. ಒಳಗೆ ಮೇಡಂ ಚಪ್ಪಾಳೆ ತಟ್ಟಿ ಎಣಿಸತೊಡಗಿದರು. ನನ್ನ ತೊಡೆಯ ಮೇಲೆ ಊಟದ ಖಾಲಿ ಡಬ್ಬಿ ಇತ್ತು. ಬೆರಳು ಸುಮ್ಮನಿರಲಿಲ್ಲ. ಚಪ್ಪಾಳೆ ನಿಂತದ್ದು ನನಗೆ ತಿಳಿಯಲಿಲ್ಲ. ತಲೆ ಎತ್ತಿದರೆ ಮೇಡಂ ಬಾಗಿಲಲ್ಲಿದ್ದರು.

"ನೀವು ಸವಿತಾ ತಂದೆ ಅಲ್ವಾ? ನಾಳಿದ್ದು ಡಬ್ಬಿ ಬೇಡ, ಡೋಲಕ್ ತನ್ನಿ."

ಹೀಗೆ ಐವತ್ಮೂರನೆಯ ವಯಸ್ಸಿನಲ್ಲಿ ನಾನೂ ಆ ಕ್ಲಾಸಿಗೆ ಸೇರಿದೆ. ಹುಡುಗಿಯರು ನನ್ನನ್ನು ಡೋಲಕ್ ಅಂಕಲ್ ಎಂದರು.

ಕ್ಲಾಸಿಗೆ ಒಂದು ಕ್ರಮವಿತ್ತು. ಮೊದಲು ಮಲಗಿ ಉಸಿರು. ಆಮೇಲೆ ಕೂತು, ಉಸಿರು ಬಿಡುವಾಗ ಹೊಟ್ಟೆ ಒಳಕ್ಕೆಳೆದುಕೊಂಡು ಬೆನ್ನು ಬಾಗಿಸುವುದು, ತೆಗೆದುಕೊಳ್ಳುವಾಗ ಒಂದೊಂದೇ ಮೂಳೆಯಾಗಿ ಮೇಲೇಳುವುದು. ಆಮೇಲೆ ನಿಂತು ತೋಳು, ಸೊಂಟ ಬೀಸುವುದು. ಕಡೆಗೆ ಬೀಳುವುದು. ಒಂದು ದಿನವೂ ಇದು ಹಿಂದುಮುಂದಾಗಲಿಲ್ಲ. ನಿನ್ನೆ ಮಾಡಿದ್ದನ್ನೇ ಇಂದು, ಇಂದು ಮಾಡಿದ್ದನ್ನೇ ನಾಳೆ. ಮೆಷಿನ್ ಮುಂದೆ ಜೀವ ಸವೆಸಿದವನಿಗೆ ಅದು ಬೇಸರವಾಗಬೇಕಿತ್ತು. ಆಗಲಿಲ್ಲ. ಮೆಷಿನ್ ಅದೇ ಕೆಲಸ ಮಾಡಿ ಮಾಡಿ ಸವೆಯುತ್ತದೆ, ಈ ಮಕ್ಕಳು ಅದನ್ನೇ ಮಾಡಿ ಮಾಡಿ ಹೊಸದಾಗುತ್ತಿದ್ದರು.

ಬೀಳುವುದಕ್ಕೆ ಎಂಟು ಎಣಿಕೆ. ಒಂದರಿಂದ ನಾಲ್ಕರವರೆಗೆ ಮೈ ಒಂದು ಪಕ್ಕಕ್ಕೆ ವಾಲುತ್ತಾ ಹೋಗಬೇಕು. ಐದರಲ್ಲಿ ನಿಲ್ಲಬೇಕು. ತುಂಬಿದ ಬಿಂದಿಗೆ ಇನ್ನೇನು ತುಳುಕಬೇಕು, ಆದರೆ ತುಳುಕಿಲ್ಲ, ಆ ಹೊತ್ತು. ಆರಕ್ಕೆ ಬಿಟ್ಟುಬಿಡಬೇಕು: ಮೀನಖಂಡ, ತೊಡೆ, ಪಕ್ಕೆ, ಭುಜ, ಹೀಗೆ ಸಾಲಾಗಿ ನೆಲ ಮುಟ್ಟಿ, ಎಂಟಕ್ಕೆ ಮಲಗಿರಬೇಕು. "ಮೂಳೆ ಬೀಳಬಾರದು, ಮಾಂಸ ಬೀಳಬೇಕು," ಎನ್ನುತ್ತಿದ್ದರು ಮೇಡಂ. ನನ್ನ ಕೆಲಸ ಇಷ್ಟೆ: ಮೊದಲ ನಾಲ್ಕಕ್ಕೆ ಬಲಗೈಯ ಸಣ್ಣ ಪೆಟ್ಟು, ಐದಕ್ಕೆ ಅಂಚಿನ ಮೇಲೆ ಒಂದು ಟಕ್, ಆರಕ್ಕೆ ಎಡಗೈಯ ದಪ್ಪ ಧುಂ.

ಮೊದಲ ವಾರ ಬೈಸಿಕೊಂಡೆ. ನಾಟಕದಲ್ಲಿ ಡೋಲಕ್ಕಿನವನು ಪಾತ್ರಧಾರಿಯನ್ನು ಕಾಯಬೇಕು. ಅವನು ತಡವರಿಸಿದರೆ ನಾವು ಎಳೆದು ಹೊಂದಿಸಿ ಮಾನ ಉಳಿಸಬೇಕು. ಇಲ್ಲೂ ಹಾಗೇ ಮಾಡಿದೆ.

"ರಂಗಸ್ವಾಮಿಯವ್ರೇ, ಯಾರನ್ನ ಕಾಯ್ತಾ ಇದೀರ?"

"ಆ ಕಡೆ ಮಗು ಇನ್ನೂ ಬಿದ್ದಿಲ್ವಲ್ಲ ಮೇಡಂ."

"ಬೀಳ್ದೆ ಇದ್ರೆ ಅವಳಿಗೆ ಗೊತ್ತಾಗ್ಲಿ. ನೀವು ಮುಚ್ಚಿದ್ರೆ ಅವಳು ಕಲಿಯಲ್ಲ. ಅವರು ಕಣ್ಮುಚ್ಚಿ ನಿಮ್ಮ ಕೈ ನಂಬ್ಕೊಂಡು ಬೀಳಬೇಕು. ನೀವು ಅವರನ್ನ ನೋಡ್ಲೇಬೇಡಿ. ಗೋಡೆ ನೋಡಿ."

ಅಂದಿನಿಂದ ನಾನು ಹುಡುಗಿಯರಿಗೆ ಬೆನ್ನು ಮಾಡಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. ಮದುವೆಗಳಿಗೆ ಅಂಟಿಸಿದ ಥರ್ಮಾಕೋಲ್ ಅಕ್ಷರಗಳ ಚೂರುಗಳು ಅಲ್ಲಿ ಉಳಿದಿರುತ್ತಿದ್ದವು. ಯಾರದೋ ಹೆಸರಿನ ಅರ್ಧ 'ಶ', ಇನ್ನಾರದೋ ದೀರ್ಘ. ಅದನ್ನು ನೋಡುತ್ತಾ ಬಾರಿಸುತ್ತಿದ್ದೆ.

ನೋಡದಿದ್ದರೂ ಕೇಳುತ್ತಿತ್ತು. ಆರಕ್ಕೆ ಹುಡುಗಿಯರು ಬಿದ್ದರೆ ಹಿಂದೆ ಗೋಣಿಚೀಲ ಇಳಿಸಿದ ಹಾಗೆ ಸದ್ದು. ಆಗಸ್ಟ್ ಹೊತ್ತಿಗೆ ಐದು ಸದ್ದು ಮಾತ್ರ ಬರತೊಡಗಿತು. ಆರನೆಯದು ಬರುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ತಿರುಗಿ ನೋಡಿದೆ. ಸದ್ದಿಲ್ಲದೆ ಬಿದ್ದವಳು ನನ್ನ ಮಗಳು. ಉಳಿದವರು ತುಟಿಯಲ್ಲಿ ಒಂದು ಎರಡು ಎಂದು ಎಣಿಸಿಕೊಳ್ಳುತ್ತಿದ್ದರು, ಪಕ್ಕದವಳನ್ನು ಓರೆಗಣ್ಣಲ್ಲಿ ನೋಡಿ ಬೀಳುತ್ತಿದ್ದರು. ಸವಿತಾಳ ಕಣ್ಣು ಮುಚ್ಚಿತ್ತು, ತುಟಿ ಅಲ್ಲಾಡುತ್ತಿರಲಿಲ್ಲ. ಅವಳೊಬ್ಬಳೇ ನನ್ನ ಕೈ ಕೇಳುತ್ತಿದ್ದಳು. ಆಮೇಲೆ ನಾನು ತಿರುಗಿ ನೋಡಲಿಲ್ಲ. ಆ ಕೇಳದ ಸದ್ದಿಗಾಗಿ ಕಾದಿರುತ್ತಿದ್ದೆ.

ಕ್ಲಾಸು ಮುಗಿದ ಮೇಲೆ ಕ್ಯಾತ್ಸಂದ್ರದ ಹೈವೇ ಪಕ್ಕದ ಹೋಟೆಲಿನಲ್ಲಿ ಇಬ್ಬರೂ ತಟ್ಟೆ ಇಡ್ಲಿ ತಿನ್ನುತ್ತಿದ್ದೆವು. ಮಳೆಗೆ ಡೋಲಕ್ಕಿನ ತೊಗಲು ಸಡಿಲವಾಗುತ್ತದೆ. ಹೋಟೆಲಿನವನು ಒಲೆಯ ಹತ್ತಿರ ಅದಕ್ಕೆ ಜಾಗ ಕೊಡುತ್ತಿದ್ದ. ಬಿಸಿಯಾದ ತೊಗಲಿನ ವಾಸನೆ, ಇಡ್ಲಿಯ ಹಬೆ, ಬಾಯಿ ತುಂಬಿಕೊಂಡೇ ಮಾತಾಡುವ ಮಗಳು. "ಅಪ್ಪ, ಐದರಲ್ಲಿ ಏನಾಗುತ್ತೆ ಗೊತ್ತಾ? ಬೀಳ್ತೀನಿ ಅಂತ ಗೊತ್ತಿರುತ್ತೆ, ಆದ್ರೂ ಭಯ ಆಗಲ್ಲ. ಅಮ್ಮ ಹೋದ್ಮೇಲೆ ಮೊದಲ್ನೇ ಸಲ ಭಯ ಆಗ್ಲಿಲ್ಲ ಕಣಪ್ಪ." ಬೆನ್ನು ನೆಟ್ಟಗಾಗಿತ್ತು. ಪುಸ್ತಕ ಕೈಯಲ್ಲಿ ಬೀಸಿಕೊಂಡು ರಸ್ತೆಯ ನಡುವೆ ನಡೆಯುತ್ತಿದ್ದಳು. ನನ್ನ ಜೀವಮಾನದಲ್ಲಿ ಒಳ್ಳೆಯ ದಿನಗಳು ಯಾವುವೆಂದು ಯಾರಾದರೂ ಕೇಳಿದರೆ ಆ ಮೂರು ತಿಂಗಳು ಎನ್ನುತ್ತೇನೆ. ನಾನು ಕೊಂದದ್ದೂ ಅವನ್ನೇ.

ಸೆಪ್ಟೆಂಬರಿನಲ್ಲಿ ಮೇಡಂ ಗಂಡನಿಗೆ ಮತ್ತೆ ವರ್ಗವಾಯಿತು. ಕ್ಲಾಸು ಮುಚ್ಚುವ ಮೊದಲು ಬೆಂಗಳೂರಿನಿಂದ ಮೇಡಂ ಅವರ ಗುರುಗಳು ಒಂದು ಭಾನುವಾರ ಬಂದು ಹುಡುಗಿಯರನ್ನು ನೋಡುತ್ತಾರೆ, ಒಬ್ಬಳನ್ನು ತಮ್ಮಲ್ಲಿಟ್ಟುಕೊಂಡು ಎರಡು ವರ್ಷ ಕಲಿಸುತ್ತಾರೆ ಎಂದು ತಿಳಿಯಿತು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಸವಿತಾನೇ ಹೋಗೋದು, ನಂಗೆ ಅನುಮಾನ ಇಲ್ಲ. ನೀವು ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಎಂದರು.

ಅಂದು ಇಡ್ಲಿ ಹೋಟೆಲಿನಲ್ಲಿ ಸವಿತಾ ಚಟ್ನಿಯಲ್ಲಿ ಬೆರಳಾಡಿಸುತ್ತಾ ಕೇಳಿದಳು. "ಹೋಗ್ಲಾ ಅಪ್ಪ?"

"ಹೋಗು ಕಣಮ್ಮ."

"ನೀನೊಬ್ನೇ ಏನ್ ಮಾಡ್ತೀಯ?"

"ಏನ್ ಮಾಡ್ತೀನಿ? ಡೋಲಕ್ ಹೊಡೀದೆ ಕೈ ಕಡಿಯುತ್ತೆ, ಅಷ್ಟೆ."

ನಕ್ಕಳು. ನಾನೂ ನಕ್ಕೆ. ಬೇಡ ಅಂದಿದ್ದರೆ ಅವಳು ಉಳಿಯುತ್ತಿದ್ದಳು. ನನ್ನ ಮೇಲೆ ಕೋಪ ಮಾಡಿಕೊಳ್ಳುತ್ತಿದ್ದಳು, ವರ್ಷಗಟ್ಟಲೆ ಮಾತು ಬಿಡುತ್ತಿದ್ದಳೇನೋ. ಆದರೆ ತನ್ನ ಮೇಲೆ ತನಗಿದ್ದ ನಂಬಿಕೆ ಉಳಿದಿರುತ್ತಿತ್ತು. ಬೇಡ ಎನ್ನುವ ಕೆಟ್ಟ ಹೆಸರು ನನಗೆ ಬೇಕಿರಲಿಲ್ಲ. ಅವಳು ಹೋಗುವುದೂ ಬೇಕಿರಲಿಲ್ಲ.

ಆ ಗಳಿಗೆಯಲ್ಲಿ ಕೈ ತಪ್ಪಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಶನಿವಾರ ಕಾರ್ಖಾನೆಯಲ್ಲಿ ಮೆಷಿನ್ನಿನ ಮೇಲೆ ಬೆರಳಿಟ್ಟು ಬಾರಿಸಿ ನೋಡಿದ್ದೆ. ನಾಲ್ಕಾದ ಮೇಲೆ ಐದನ್ನು ನುಂಗಿ ನೇರ ಆರಕ್ಕೆ ಹೋದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ತುಟಿಯಲ್ಲಿ ಎಣಿಸುವವರಿಗೆ ಏನೂ ಆಗುವುದಿಲ್ಲ. ನನ್ನ ಕೈ ನಂಬಿದವಳು ಒಬ್ಬಳೇ ಬೀಳುತ್ತಾಳೆ.

ಭಾನುವಾರ ಬೆಳಿಗ್ಗೆಯಿಂದ ಜಡಿ ಮಳೆ. ಗುರುಗಳು ಎಪ್ಪತ್ತರ ಹತ್ತಿರದ ಹೆಂಗಸು, ಬಿಳಿ ಕಾಟನ್ ಸೀರೆ, ಕುರ್ಚಿಯಲ್ಲಿ ಕೂತು ಮಾತಾಡದೆ ನೋಡುತ್ತಿದ್ದರು. ಮಲಗುವುದಾಯಿತು, ಕೂರುವುದಾಯಿತು, ಬೀಸುವುದಾಯಿತು. ಅವರು ಸವಿತಾಳ ಕಡೆ ಎರಡು ಸಲ ತೋರಿಸಿ ಮೇಡಂ ಕಿವಿಯಲ್ಲಿ ಏನೋ ಹೇಳಿದರು ಎಂದು ನಾಗವೇಣಿ ಆಮೇಲೆ ಹೇಳಿದಳು. ನಾನು ಗೋಡೆ ನೋಡುತ್ತಿದ್ದೆ.

ಬೀಳುವುದು ಬಂತು. ಒಂದು, ಎರಡು, ಮೂರು, ನಾಲ್ಕು. ಐದರ ಜಾಗದಲ್ಲಿ ಎಡಗೈ ಎತ್ತಿ ಧುಂ ಎಂದು ಹೊಡೆದೆ.

ಹಿಂದೆ ಸದ್ದು ಕೇಳಿತು. ಒಂದೇ ಒಂದು ಸದ್ದು. ಮಾಂಸದ್ದಲ್ಲ, ಮೂಳೆಯದ್ದು. ಆಗಸ್ಟ್‌ನಿಂದೀಚೆಗೆ ಮೊದಲ ಸಲ ನನ್ನ ಮಗಳು ಬಿದ್ದದ್ದು ನನಗೆ ಕೇಳಿಸಿತು.

ತಿರುಗಿದೆ. ಐದು ಹುಡುಗಿಯರು ವಾಲಿಕೊಂಡು ನಿಂತಿದ್ದರು. ಸವಿತಾ ನೆಲದಲ್ಲಿ ಮೊಣಕೈ ಹಿಡಿದುಕೊಂಡಿದ್ದಳು. "ಸಾರಿ ಮಿಸ್, ನಂದೇ ತಪ್ಪು," ಎಂದು ಎದ್ದಳು. ಮೇಡಂ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಐದು ಎಲ್ಲಿ ಹೋಯ್ತು?"

"ಮಳೆಗೆ ತೊಗಲು ಸಡಿಲ ಆಗಿತ್ತು ಮೇಡಂ. ಸದ್ದು ಏಳಲಿಲ್ಲ."

ಅಂಚಿನ ಮೇಲಿನ ಟಕ್ಕಿಗೂ ತೊಗಲಿನ ಸಡಿಲಕ್ಕೂ ಸಂಬಂಧವಿಲ್ಲ. ಅದು ಅವರಿಗೂ ಗೊತ್ತಿತ್ತೇನೋ. ಗುರುಗಳಿಗೆ ಕೈಮುಗಿದು, "ಇನ್ನೊಂದು ಸಲ," ಎಂದರು.

ಎರಡನೆಯ ಸಲ ನಾನು ಸರಿಯಾಗಿಯೇ ಬಾರಿಸಿದೆ. ದೇವರಾಣೆಗೂ ಸರಿಯಾಗಿ ಬಾರಿಸಿದೆ. ಗೋಡೆ ನೋಡಲಿಲ್ಲ, ಅವಳನ್ನೇ ನೋಡಿದೆ. ಅವಳ ಕಣ್ಣು ತೆರೆದಿತ್ತು. ತುಟಿ ಎಣಿಸುತ್ತಿತ್ತು. ಆರಕ್ಕೆ ಪಕ್ಕದ ನಾಗವೇಣಿಯನ್ನು ನೋಡಿ, ಅವಳು ಬಿದ್ದ ಮೇಲೆ, ಕೈ ಊರಿಕೊಂಡು ಬಿದ್ದಳು.

ಗುರುಗಳು ನಾಗವೇಣಿಯನ್ನು ಆರಿಸಿದರು.

ಮನೆಗೆ ಹೋಗುವಾಗ ಹೋಟೆಲಿನ ಮುಂದೆ ಮೊಪೆಡ್ ನಿಧಾನ ಮಾಡಿದೆ. "ಬೇಡ ಅಪ್ಪ," ಎಂದಳು ಹಿಂದಿನಿಂದ. ಸ್ವಲ್ಪ ದೂರ ಹೋದ ಮೇಲೆ ಕೇಳಿದಳು.

"ಅಪ್ಪ, ನೀನು ಐದು ಹೊಡೆದ್ಯಾ?"

ಇಲ್ಲಿ ಹೇಳಬಹುದಿತ್ತು. ಮುಖ ನೋಡಬೇಕಾಗಿಯೂ ಇರಲಿಲ್ಲ.

"ಹೊಡೆದೆ ಕಣಮ್ಮ."

"ಹಂಗಾರೆ ನಂಗೇ ಕೇಳಿಸ್ಲಿಲ್ಲ."

ಪೆಟ್ಟು ನುಂಗಿದ್ದಕ್ಕಿಂತ ಈ ಮಾತು ದೊಡ್ಡ ಪಾಪ. ಕೈ ಮಾಡಿದ್ದನ್ನು ಬಾಯಿ ಅವಳ ತಲೆಗೆ ಕಟ್ಟಿತು.

ಮೇಡಂ ಊರು ಬಿಡುವ ಮುನ್ನ ಮನೆಗೆ ಬಂದರು. ಸವಿತಾ ಹಿತ್ತಲಲ್ಲೇ ಉಳಿದಳು. ಮೇಡಂ ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಅವಳಿಗೆ ಹೇಳಿಬಿಡಿ, ರಂಗಸ್ವಾಮಿಯವ್ರೇ," ಎಂದು ಮಾತ್ರ ಹೇಳಿ ಎದ್ದರು. ಏನನ್ನು ಎಂದು ನಾನು ಕೇಳಲಿಲ್ಲ.

ಮಗಳು ನನ್ನ ಜೊತೆಯಲ್ಲೇ ಉಳಿದಳು. ಅಂದುಕೊಂಡಂತೆಯೇ ಆಯಿತು. ಮನೆಯಲ್ಲಿ ಮತ್ತೆ "ಊಟ ಆಯ್ತಾ?" "ಹೂಂ." ಪುಸ್ತಕಗಳು ಮತ್ತೆ ಎದೆಗೆ ಬಂದವು. ಎರಡು ಸಾವಿರದ ಇಸವಿಯಲ್ಲಿ ಕೊತ್ತಗೆರೆಯ ಕಡೆಯಿಂದ ಸಂಬಂಧ ಬಂತು. ಅಳಿಯ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವನು, ಸಾಧು. ಬೇರೇನೂ ಕೊರತೆ ಇಲ್ಲ. ಕೆಲಸ ಬಿಟ್ಟ ಮೇಲೆ ನಾನು ಗುಬ್ಬಿಗೆ ಮರಳಿದೆ. ಒಂದು ಸಲ ಪೇಪರಿನಲ್ಲಿ ನಾಗವೇಣಿಯ ಫೋಟೋ ಬಂದಿತ್ತು, ಯಾವುದೋ ವೇದಿಕೆಯ ಮೇಲೆ ವಾಲಿ ನಿಂತದ್ದು. ಸವಿತಾ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. "ನೋಡಪ್ಪ, ನಮ್ ನಾಗು! ಎಷ್ಟ್ ಚೆನ್ನಾಗಿ ನಿಂತವ್ಳೆ." ಹೊಟ್ಟೆಕಿಚ್ಚು ಒಂದು ಚೂರೂ ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಊರಿನ ಭಜನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಾಗ ಅವಳು ಯಾರದಾದರೂ ಮಗುವನ್ನು ಎತ್ತಿಕೊಂಡುಬಿಡುತ್ತಿದ್ದಳು, ಕೈ ಖಾಲಿ ಇರಬಾರದೆಂದು. ಕೇಳಿದರೆ, "ನಂಗೆ ತಾಳ ಇಲ್ಲ ಕಣಪ್ಪ, ಗೊತ್ತಲ್ಲ ನಿಂಗೆ," ಎನ್ನುತ್ತಿದ್ದಳು.

ಹೋದ ಆಷಾಢದಲ್ಲಿ, ಛತ್ರದ ಆ ವಾಸನೆಯನ್ನು ಬಟ್ಟೆಗೆ ಅಂಟಿಸಿಕೊಂಡೇ ಕೊತ್ತಗೆರೆ ಮುಟ್ಟಿದಾಗ ಸಂಜೆಯಾಗಿತ್ತು. ಏಳು ವರ್ಷದ ಮೊಮ್ಮಗಳು ಪುಟ್ಟಿ ಅಳುತ್ತಾ ಓಡಿ ಬಂದಳು.

"ತಾತ, ಸ್ಕೂಲ್ ಡೇಗೆ ಮಿಸ್ ನನ್ನ ಡ್ಯಾನ್ಸ್‌ಗೆ ಸೇರ್ಸ್ಕೊಂಡವ್ರೆ. ಅಮ್ಮ ಬ್ಯಾಡ ಅಂತಾಳೆ!"

ಸವಿತಾ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ. "ನಂಗೇ ತಾಳ ಇಲ್ಲ, ನನ್ ಹೊಟ್ಟೇಲಿ ಹುಟ್ಟಿದ್ದಕ್ಕೆ ಎಲ್ಲಿಂದ ಬರುತ್ತೆ? ಎಲ್ರೂ ನಿಂತಿರುವಾಗ ಇವಳೊಬ್ಳೇ ಬಿದ್ದು ನಗೆಪಾಟಲಾಗೋದು ಬ್ಯಾಡ. ಆ ಅವಮಾನ ನಂಗೇ ಸಾಕು."

ಪುಟ್ಟಿಯನ್ನು ಹೊರಗೆ ಆಡಲು ಕಳಿಸಿದೆ. ಮೊರದ ಎದುರು ಕೂತೆ. ಹೇಳಿದೆ. ಶನಿವಾರ ಮೆಷಿನ್ ಮೇಲೆ ಬಾರಿಸಿ ನೋಡಿದ್ದು, ಧುಂ ಎಂದು ಹೊಡೆದದ್ದು, ತೊಗಲಿನ ಸುಳ್ಳು, ಮೊಪೆಡ್ ಮೇಲಿನ ಸುಳ್ಳು, ಮೇಡಂ ಹೇಳಿಹೋದದ್ದು. ಎಲ್ಲಾ. "ನೀನು ತಪ್ಪಲಿಲ್ಲ ಕಣಮ್ಮ. ಆ ಹಾಲ್‌ನಲ್ಲಿ ಸರಿಯಾಗಿ ಬಿದ್ದೋಳು ನೀನೊಬ್ಳೇ."

ಅವಳ ಬೆರಳುಗಳು ಅಕ್ಕಿಯಲ್ಲಿ ಹಾಗೇ ನಿಂತವು. ಬೈಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದು ಕಾದೆ.

"ಯಾಕಪ್ಪ?" ಎಂದಳು.

"ನೀನು ಹೊರಟೋಗ್ತೀಯ ಅಂತ."

"ಅದಲ್ಲ. ಈಗ್ಯಾಕ್ ಹೇಳ್ದೆ?"

ಮೊರದ ಅಂಚಿಗೆ ಸರಿದಿದ್ದ ಅಕ್ಕಿಕಾಳನ್ನು ನಾನು ಒಳಕ್ಕೆ ತಳ್ಳಿದೆ.

"ನಂಗೆ ಬರಲ್ಲ ಅಂತ ನಂಬ್ಕೊಂಡಿದ್ದೆ. ಬರದೇ ಇರೋದು ಕಳ್ಕೊಂಡ್ರೆ ಏನೂ ನಷ್ಟ ಇಲ್ಲ ಅಂತ ನೆಮ್ಮದಿಯಾಗಿದ್ದೆ. ಈಗ ಬಂದು, ಬರ್ತಿತ್ತು ಕಣಮ್ಮ ಅಂತೀಯ. ಮೂವತ್ತು ವರ್ಷ ಆಯ್ತು ನಂಗೆ. ಇದನ್ನ ಎಲ್ಲಿ ಇಟ್ಕೊಳ್ಳಲಿ ಹೇಳು."

ಹನ್ನೊಂದು ವರ್ಷ ನಾನು ಹೊತ್ತದ್ದನ್ನು ಅವಳ ಮೊರದಲ್ಲಿ ಸುರಿದಿದ್ದೆ, ಅಷ್ಟೆ.

ಅವಳು ಎದ್ದು ಬಾಗಿಲಿಗೆ ಹೋಗಿ, "ಪುಟ್ಟೀ, ನಾಳೆ ಮಿಸ್‌ಗೆ ಬರ್ತೀನಿ ಅಂತ ಹೇಳು," ಎಂದು ಕೂಗಿದಳು. ಒಳಗೆ ಬಂದು ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು. ಬಡಿಸಿದಳು. "ಊಟ ಆಯ್ತಾ?" ಎಂದು ಅಳಿಯನನ್ನು ಕೇಳಿದಳು. ನನ್ನನ್ನು ಕೇಳಲಿಲ್ಲ.

ಬೆಳಿಗ್ಗೆ ಎದ್ದಾಗ ಅಳಿಯ ಡೈರಿಗೆ ಹೋಗಿದ್ದ, ಪುಟ್ಟಿ ಶಾಲೆಗೆ. ಮುಖ ತೊಳೆಯಲು ಹಿತ್ತಲಿಗೆ ಹೊರಟವನು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಸವಿತಾ ಹಿತ್ತಲ ಸಿಮೆಂಟ್ ನೆಲ ತೊಳೆದು, ಪೊರಕೆ ಗೋಡೆಗೊರಗಿಸಿ, ನನಗೆ ಬೆನ್ನು ಮಾಡಿ ನಿಂತಿದ್ದಳು. ಉಸಿರು ತೆಗೆದುಕೊಂಡದ್ದು ಬೆನ್ನಿನಲ್ಲಿ ಕಂಡಿತು. ಆಮೇಲೆ ಒಂದು ಪಕ್ಕಕ್ಕೆ ವಾಲತೊಡಗಿದಳು. ನನ್ನ ಬೆರಳು ಬಾಗಿಲವಾಡದ ಮೇಲೆ ತಾನಾಗಿ ಎದ್ದಿತು. ಮುಟ್ಟಿಸಲಿಲ್ಲ. ಒಂದು, ಎರಡು, ಮೂರು, ನಾಲ್ಕು. ಐದರಲ್ಲಿ ನಿಂತಳು. ಅದೇ ಹಳೆಯ ಸವಿತಾ, ತುಳುಕದ ಬಿಂದಿಗೆ. ಇನ್ನೇನು ಬಿಡುತ್ತಾಳೆ ಎಂದುಕೊಂಡೆ.

ಬಿಡಲಿಲ್ಲ. ಕೈ ಚಾಚಿ ಗೋಡೆ ಹಿಡಿದುಕೊಂಡಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಪೊರಕೆ ಕೈಗೆ ತೆಗೆದುಕೊಂಡಳು.

"ಅಪ್ಪ," ಎಂದಳು, ತಿರುಗಿ ನೋಡದೆ. "ಬಸ್ಸಿಗೆ ಹೊತ್ತಾಯ್ತು."